ಪರದೆಯ ತಾಳ, ಚಿತ್ರದ ಹೆಜ್ಜೆ: ರಿಫ್ರೆಶ್ ರೇಟ್ ಕುರಿತ ಓದುಗರ ಪ್ರಶ್ನೆಗಳು

ಈ ಮಳೆಗಾಲದಲ್ಲಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮಾನಿಟರಿನ ರಿಫ್ರೆಶ್ ರೇಟ್ ಕುರಿತವೇ ಹೆಚ್ಚು. ಬರೆದವರ ಊರು ಬೇರೆ, ವಯಸ್ಸು ಬೇರೆ, ನೋಡುವ ವಸ್ತುವೂ ಬೇರೆ. ದೂರು ಮಾತ್ರ ಒಂದೇ, ಪರದೆಯ ಮೇಲಿನ ಚಲನೆ ನಯವಾಗಿಲ್ಲ ಎಂಬುದು. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಮಾನಿಟರ್ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬುದು ರಿಫ್ರೆಶ್ ರೇಟ್; ಅದನ್ನು ಹರ್ಟ್ಜ್ ಲೆಕ್ಕದಲ್ಲಿ ಹೇಳುತ್ತಾರೆ. ವಿಡಿಯೊ ಅಥವಾ ಗೇಮ್ ಒಂದು ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ಒದಗಿಸುತ್ತದೆ ಎಂಬುದು ಫ್ರೇಮ್ ರೇಟ್. ಈ ಎರಡು ಲೆಕ್ಕಗಳು ಒಂದಕ್ಕೊಂದು ಕೂಡಿ ಬರುತ್ತವೆಯೇ ಎಂದು ನೋಡದೆ ದೊಡ್ಡ ಸಂಖ್ಯೆಯ ಮಾನಿಟರನ್ನು ಕೊಂಡರೆ ದುಡ್ಡು ಹೋದೀತೇ ಹೊರತು ತಡವರಿಕೆ ಹೋಗದು.

ಪ್ರಶ್ನೆ: ಪತ್ತನಾಜೆ (ಯಕ್ಷಗಾನದ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಹಳೆಯ ಯಕ್ಷಗಾನ ಆಟಗಳ ವಿಡಿಯೊ ನೋಡುವುದು ನಮ್ಮ ಮನೆಯ ರೂಢಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಭಾವ ಮಿನಿ ಡಿವಿ ಟೇಪಿನ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ್ದ ತೆಂಕುತಿಟ್ಟಿನ ಆಟಗಳನ್ನು ಈಚೆಗೆ ಕಂಪ್ಯೂಟರಿಗೆ ಹಾಕಿಸಿದ್ದೇವೆ. ಹಳೆಯ ಟಿವಿಯಲ್ಲಿ ಧೀಂಗಿಣ (ವೇಷಧಾರಿ ಗಿರಗಿರನೆ ಸುತ್ತುವ ಕುಣಿತ) ಸಲೀಸಾಗಿ ಕಾಣುತ್ತಿತ್ತು. ಹೊಸ 24 ಇಂಚಿನ ಮಾನಿಟರಿನಲ್ಲಿ ಅದೇ ದೃಶ್ಯ ಎಡವಿ ಎಡವಿ ನಡೆದಂತೆ ಕಾಣುತ್ತದೆ. ವೇಷ ತಿರುಗುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳೂ ಏಳುತ್ತವೆ. ಮಾನಿಟರ್ ಬದಲಿಸಬೇಕೇ?
ನಿವೃತ್ತ ಬ್ಯಾಂಕ್ ನೌಕರರು, ಕಾರ್ಕಳ

ಉತ್ತರ: ಬದಲಿಸುವ ಅಗತ್ಯವಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಎರಡಕ್ಕೂ ಖರ್ಚಿಲ್ಲದ ಪರಿಹಾರವಿದೆ.

ಮೊದಲು ಬಾಚಣಿಗೆ ಗೆರೆಗಳ ಮಾತು. ನಮ್ಮ ದೇಶದ ಟಿವಿ ಪದ್ಧತಿಗೆ ಹೊಂದುವಂತೆ ತಯಾರಾದ ಆ ಕಾಲದ ಕ್ಯಾಮೆರಾ ಸೆಕೆಂಡಿಗೆ 25 ಪೂರ್ಣ ಚಿತ್ರಗಳನ್ನು ತೆಗೆಯುತ್ತಿರಲಿಲ್ಲ; 50 ಅರ್ಧಚಿತ್ರಗಳನ್ನು ತೆಗೆಯುತ್ತಿತ್ತು. 576 ಗೆರೆಗಳ ಪೈಕಿ ಒಮ್ಮೆ ಬೆಸ ಸಂಖ್ಯೆಯ ಗೆರೆಗಳು, ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದ ಮೇಲೆ ಸಮ ಸಂಖ್ಯೆಯ ಗೆರೆಗಳು, ಹೀಗೆ ಸರದಿಯ ಪ್ರಕಾರ ಅವು ದಾಖಲಾಗುತ್ತಿದ್ದವು. ಇದಕ್ಕೆ ಇಂಟರ್‌ಲೇಸ್ ಎಂದು ಹೆಸರು. ಪಿಕ್ಚರ್ ಟ್ಯೂಬಿನ ಹಳೆಯ ಟಿವಿ ಈ ಅರ್ಧಚಿತ್ರಗಳನ್ನು ಬಂದ ಸರದಿಯಲ್ಲಿಯೇ ಬರೆಯುತ್ತಿದ್ದುದರಿಂದ ಕಣ್ಣಿಗೆ ಸೆಕೆಂಡಿಗೆ 50 ಹೆಜ್ಜೆಗಳ ಚಲನೆ ದಕ್ಕುತ್ತಿತ್ತು. ಈಗಿನ ಮಾನಿಟರಿಗೆ ಪೂರ್ಣ ಚಿತ್ರವೇ ಬೇಕು. ಹಾಗಾಗಿ ಪ್ಲೇಯರ್ ತಂತ್ರಾಂಶವು ಬೇರೆ ಬೇರೆ ಗಳಿಗೆಯಲ್ಲಿ ತೆಗೆದ ಎರಡು ಅರ್ಧಗಳನ್ನು ಹೊಲಿದು ಒಂದೇ ಚಿತ್ರವಾಗಿ ತೋರಿಸುತ್ತದೆ. ನಿಂತ ವೇಷಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಧೀಂಗಿಣದ ವೇಗದಲ್ಲಿ ಐವತ್ತನೆಯ ಒಂದು ಸೆಕೆಂಡಿನೊಳಗೆ ವೇಷ ಎಷ್ಟೋ ಸರಿದಿರುತ್ತದೆಯಾದ್ದರಿಂದ ಬೆಸ ಗೆರೆಗಳು ಒಂದು ಕಡೆ, ಸಮ ಗೆರೆಗಳು ಇನ್ನೊಂದು ಕಡೆ ಉಳಿದು ಹಲ್ಲುಗಳು ಕಾಣುತ್ತವೆ. ಅದರ ಜೊತೆಗೆ ಚಲನೆಯ 50 ಹೆಜ್ಜೆಗಳು 25ಕ್ಕೆ ಇಳಿಯುತ್ತವೆ.

ವಿಎಲ್‌ಸಿ ಪ್ಲೇಯರಿನ ವಿಡಿಯೊ ಮೆನುವಿನಲ್ಲಿ ಡಿಇಂಟರ್‌ಲೇಸ್ ಎಂಬುದನ್ನು ಆನ್ ಮಾಡಿ, ಅದರ ಕೆಳಗಿರುವ ಮೋಡ್‌ಗಳಲ್ಲಿ ಯಾಡಿಫ್ 2ಎಕ್ಸ್ ಎಂಬುದನ್ನು ಆರಿಸಿಕೊಳ್ಳಿ. ಈ 2ಎಕ್ಸ್ ಎಂಬುದನ್ನು ಮರೆಯಬಾರದು: ಅದಿಲ್ಲದ ಮೋಡ್ ಹಲ್ಲುಗಳನ್ನು ಅಳಿಸುತ್ತದೆ, ಆದರೆ ಚಲನೆಯನ್ನು 25ರಲ್ಲಿಯೇ ಉಳಿಸುತ್ತದೆ, 2ಎಕ್ಸ್ ಇರುವ ಮೋಡ್ ಪ್ರತಿ ಅರ್ಧಚಿತ್ರದಿಂದಲೂ ಒಂದು ಪೂರ್ಣ ಚಿತ್ರವನ್ನು ಕಟ್ಟಿ 50ನ್ನೂ ಹಿಂದಿರುಗಿಸುತ್ತದೆ.

ಇನ್ನು ಎರಡನೆಯ ದೋಷ. ನಿಮ್ಮ ಮಾನಿಟರ್ ಬಹುಶಃ 60 ಹರ್ಟ್ಜ್‌ನಲ್ಲಿದೆ. ಪರದೆ ಒಮ್ಮೆ ಹೊಸದಾಗುವುದನ್ನು ಒಂದು ಸರದಿ ಎನ್ನೋಣ; 50 ಚಿತ್ರಗಳನ್ನು 60 ಸರದಿಗಳಲ್ಲಿ ಹಂಚಬೇಕಾದರೆ ಪ್ರತಿ ಐದು ಚಿತ್ರಗಳಲ್ಲಿ ಒಂದು ಚಿತ್ರವು ಎರಡು ಸರದಿಯಷ್ಟು ಕಾಲ ನಿಲ್ಲಲೇಬೇಕು. ಅಂದರೆ ಸೆಕೆಂಡಿಗೆ ಹತ್ತು ಬಾರಿ ಚಲನೆ ಕ್ಷಣಮಾತ್ರ ತಡೆದು ಮುಂದೆ ಹೋಗುತ್ತದೆ. ಮದ್ದಳೆಯವರು ಐದು ಪೆಟ್ಟಿಗೊಮ್ಮೆ ಒಂದು ಪೆಟ್ಟನ್ನು ಹೆಚ್ಚಿಗೆ ನುಡಿಸಿದರೆ ಕುಣಿಯುವವರ ಹೆಜ್ಜೆ ಏನಾದೀತು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಪರಿಹಾರ ಹೀಗಿದೆ: ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದರೆ ರಿಫ್ರೆಶ್ ರೇಟ್‌ಗಳ ಪಟ್ಟಿ ಸಿಗುತ್ತದೆ. ಎಚ್‌ಡಿಎಂಐ ಕೇಬಲ್ ಮೂಲಕ ಜೋಡಿಸಿದ ಅನೇಕ ಮಾನಿಟರುಗಳಲ್ಲಿ ಅಲ್ಲಿ 50 ಹರ್ಟ್ಜ್ ಇರುತ್ತದೆ, ಏಕೆಂದರೆ ಅದು ಟಿವಿಗಳ ಪ್ರಮಾಣಿತ ದರಗಳಲ್ಲಿ ಒಂದು. ಆಟ ನೋಡುವಾಗ 50ಕ್ಕೆ ಇಳಿಸಿಕೊಳ್ಳಿ, ಮುಗಿದ ಮೇಲೆ ಮೊದಲಿನಂತೆ ಮಾಡಿಕೊಳ್ಳಿ. 100 ಹರ್ಟ್ಜ್ ಮಾನಿಟರ್ ಇದ್ದವರಿಗೆ ಇಳಿಸುವ ಕೆಲಸವೂ ಇಲ್ಲ. ಪ್ರತಿ ಚಿತ್ರವೂ ತಲಾ ಎರಡು ಸರದಿ ಪಡೆಯುತ್ತದೆ. 75 ಹರ್ಟ್ಜ್ ಕುರಿತು ಮಾತ್ರ ಎಚ್ಚರವಿರಲಿ: 25 ಫ್ರೇಮಿನ ವಿಡಿಯೊಗೆ ಅದು ಸರಿಯಾಗಿ ಮೂರು ಪಾಲಾಗುತ್ತದೆ, ಆದರೆ 50 ಫ್ರೇಮಿಗೆ ಒಂದೂವರೆ ಪಾಲಾಗಿ ತಾಳ ಕೆಡುತ್ತದೆ.

ಇನ್ನೂ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ನಮ್ಮ ಮನೆಯ ಒಂದು ಟೇಪನ್ನು ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಕಂಪ್ಯೂಟರಿಗೆ ಹಾಕಿಸಿದಾಗ, ಅವರು ಚಿತ್ರ ದೊಡ್ಡದಾಗಿ ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದಲೇ 576 ಗೆರೆಗಳನ್ನು 1080ಕ್ಕೆ ಹಿಗ್ಗಿಸಿ ಕೊಟ್ಟಿದ್ದರು. ಹಾಗೆ ಹಿಗ್ಗಿಸಿದಾಗ ಬೆಸ ಮತ್ತು ಸಮ ಗೆರೆಗಳು ಒಂದರೊಳಗೊಂದು ಕಲಸಿಹೋಗಿ, ಬಾಚಣಿಗೆಯ ಹಲ್ಲುಗಳು ಚಿತ್ರದಲ್ಲಿಯೇ ಅಚ್ಚಾದವು. ಅವನ್ನು ಯಾವ ಪ್ಲೇಯರಿನಿಂದಲೂ ತೆಗೆಯಲಾಗಲಿಲ್ಲ. ಅಷ್ಟರಲ್ಲಿ ಕರಾವಳಿಯ ತೇವಕ್ಕೆ ಮೂಲ ಟೇಪಿಗೆ ಬೂಷ್ಟು ಹಿಡಿದಿತ್ತು. ನಿಮ್ಮ ಬಳಿ ಇನ್ನೂ ಟೇಪುಗಳು ಉಳಿದಿದ್ದರೆ, 720ಕ್ಕೆ 576ರ ಅಳತೆಯನ್ನು ಬದಲಿಸದೆ, ಇಂಟರ್‌ಲೇಸ್ ಇದ್ದ ಹಾಗೆಯೇ ಉಳಿಸಿ ಕೊಡುವಂತೆ ಬರವಣಿಗೆಯಲ್ಲಿ ಹೇಳಿ ಮಾಡಿಸಿಕೊಳ್ಳಿ. ಬೂಷ್ಟು ಹಿಡಿದ ಟೇಪನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಿದರೆ ಯಂತ್ರದ ಹೆಡ್ಡಿಗೂ ಅಂಟಿ ಮುಂದಿನ ಟೇಪನ್ನೂ ಕೆಡಿಸುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ಹಣದಿಂದ 144 ಹರ್ಟ್ಜ್ ಮಾನಿಟರ್ ಕೊಂಡೆ. ಗೇಮ್ ಆಡುವಾಗ ಹಳೆಯ ಮಾನಿಟರಿಗೂ ಇದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಗೆಳೆಯನೊಬ್ಬ ಬಂದು ನೋಡಿ, ವಿಂಡೋಸ್‌ನಲ್ಲಿ 60 ಎಂದಿದೆ ಎಂದು ತೋರಿಸಿದ. ಪಟ್ಟಿಯಲ್ಲಿ 120ರ ವರೆಗೆ ಮಾತ್ರ ಇದೆ, 144 ಕಾಣುವುದಿಲ್ಲ. 120ಕ್ಕೆ ಏರಿಸಿದ ಮೇಲೆಯೂ ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುತ್ತದೆ. ವಿ-ಸಿಂಕ್ ಹಾಕಿದರೆ ಹರಿಯುವುದು ನಿಲ್ಲುತ್ತದೆ, ಆದರೆ ಮೌಸ್ ಭಾರವಾದಂತೆ ಅನ್ನಿಸುತ್ತದೆ. ನಾನು ಮೋಸಹೋದೆನೇ?
ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನೀವು ಮೋಸಹೋಗಿಲ್ಲ. ಹೊಸ ಮಾನಿಟರನ್ನು ಜೋಡಿಸಿದಾಗ ವಿಂಡೋಸ್ ಎಷ್ಟೋ ಬಾರಿ 60ನ್ನೇ ಆರಿಸಿಕೊಂಡು ಸುಮ್ಮನಾಗುತ್ತದೆ. ಅದನ್ನು ಬದಲಿಸದೆ ತಿಂಗಳುಗಟ್ಟಲೆ ಆಡಿದವರನ್ನು ನಾನು ಬಲ್ಲೆ.

ಪಟ್ಟಿ 120ಕ್ಕೆ ನಿಂತಿರುವುದು ಕೇಬಲ್ ಅಥವಾ ಪೋರ್ಟಿನ ಮಿತಿಯ ಗುರುತು. ಮಾನಿಟರಿನ ಎಚ್‌ಡಿಎಂಐ ಪೋರ್ಟ್ 1.4 ಆವೃತ್ತಿಯದಾಗಿದ್ದರೆ 1080 ಗೆರೆಗಳ ಚಿತ್ರಕ್ಕೆ ಸಾಮಾನ್ಯವಾಗಿ 120 ಹರ್ಟ್ಜ್ ಸಿಕ್ಕರೆ ಹೆಚ್ಚು. ಎಚ್‌ಡಿಎಂಐ 2.0ಗೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ಶಕ್ತಿಯಿದ್ದು, 144 ಅದಕ್ಕೆ ಭಾರವಲ್ಲ. ಆದರೆ ಪೆಟ್ಟಿಗೆಯ ಮೇಲೆ ಎಚ್‌ಡಿಎಂಐ ಎಂದಷ್ಟೇ ಅಚ್ಚಾಗಿರುವಾಗ ಆವೃತ್ತಿ ಯಾವುದೆಂದು ತಿಳಿಯಲು ಕೈಪಿಡಿಯನ್ನೇ ಓದಬೇಕು. ಇದಕ್ಕಿಂತ ಸುಲಭವಾದ ದಾರಿ ಡಿಸ್‌ಪ್ಲೇಪೋರ್ಟ್ ಕೇಬಲ್. ಅದರ 1.2 ಆವೃತ್ತಿಯೇ 1440 ಗೆರೆಗಳ ಚಿತ್ರವನ್ನೂ 144 ಹರ್ಟ್ಜ್‌ನಲ್ಲಿ ಸಾಗಿಸಬಲ್ಲದು. ಕೇಬಲ್ಲಿನ ಇನ್ನೊಂದು ತುದಿ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಸೇರಿರಬೇಕು. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಮೇಲ್ಭಾಗಕ್ಕೆ ಕಾಣುವ ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿಬಿಡುವ ತಪ್ಪು ನಡೆಯುತ್ತಲೇ ಇರುತ್ತದೆ. ಇಷ್ಟಾದ ಮೇಲೆ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 144 ಆರಿಸಿ, ಗೇಮಿನ ಒಳಗಿನ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ಕೇಳುವ ಜಾಗವಿದ್ದರೆ ಅಲ್ಲಿಯೂ ಅದನ್ನೇ ಕೊಡಿ.

ಈಗ ಹರಿಯುವ ವಿಷಯ. ಮಾನಿಟರ್ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಚಿತ್ರ ಬರೆಯುತ್ತಾ ಬರುತ್ತದೆ. ಅದು ಅರ್ಧದಲ್ಲಿರುವಾಗ ಗ್ರಾಫಿಕ್ಸ್ ಕಾರ್ಡ್ ಹೊಸ ಚಿತ್ರವನ್ನು ಕೈಗಿಟ್ಟರೆ ಮೇಲ್ಭಾಗದಲ್ಲಿ ಹಳೆಯದು, ಕೆಳಭಾಗದಲ್ಲಿ ಹೊಸದು ಕೂತು ನಡುವೆ ಸೀಳು ಕಾಣುತ್ತದೆ. ವಿ-ಸಿಂಕ್ ಎಂಬುದು ಕಾರ್ಡಿಗೆ ಮಾನಿಟರಿನ ಸರದಿ ಮುಗಿಯುವವರೆಗೆ ಕಾಯಲು ಹೇಳುತ್ತದೆ. ಕಾಯುವುದರಿಂದ ಸೀಳು ಮಾಯವಾಗುತ್ತದೆ; ಆದರೆ ನಿಮ್ಮ ಕೈಯ ಚಲನೆ ಪರದೆಗೆ ಬರುವುದೂ ಅಷ್ಟೇ ತಡವಾಗುತ್ತದೆ, ಅದೇ ನಿಮಗೆ ಅನ್ನಿಸಿದ ಮೌಸಿನ ಭಾರ. ಎರಡೇ ಬಫರ್ (ಸಿದ್ಧವಾದ ಚಿತ್ರವನ್ನು ಇಟ್ಟುಕೊಳ್ಳುವ ಜಾಗ) ಇರುವ ಹಳೆಯ ಬಗೆಯ ವಿ-ಸಿಂಕ್‌ನಲ್ಲಿ ಇನ್ನೊಂದು ಕಷ್ಟವಿದೆ: 60 ಹರ್ಟ್ಜ್ ಪರದೆಯಲ್ಲಿ ಕಾರ್ಡ್ 55 ಚಿತ್ರ ಕೊಡಬಲ್ಲದಾದರೂ ಪ್ರತಿ ಚಿತ್ರವೂ ಸರದಿಗೆ ಕೂದಲೆಳೆಯಷ್ಟು ತಡವಾಗಿ ಬಂದು ಮುಂದಿನ ಸರದಿಗೆ ಕಾಯುವುದರಿಂದ ಗೇಮ್ 30ಕ್ಕೆ ಕುಸಿಯುತ್ತದೆ.

ಈ ಇಕ್ಕಟ್ಟಿಗೆ ನಿಜವಾದ ಪರಿಹಾರ ಬಂದದ್ದು ಮಾನಿಟರೇ ಕಾರ್ಡಿಗಾಗಿ ಕಾಯಲು ಕಲಿತಾಗ. ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿತು. 2014ರಲ್ಲಿ ಪರದೆಗಳ ಮಾನದಂಡ ರೂಪಿಸುವ ವೇಸಾ ಸಂಸ್ಥೆ ಡಿಸ್‌ಪ್ಲೇಪೋರ್ಟಿಗೆ ಅಡಾಪ್ಟಿವ್-ಸಿಂಕ್ ಎಂಬ ಮುಕ್ತ ಪದ್ಧತಿಯನ್ನು ಸೇರಿಸಿತು; ಎಎಂಡಿಯ ಫ್ರೀಸಿಂಕ್ ನಿಂತಿರುವುದು ಅದರ ಮೇಲೆ. 2019ರ ಜನವರಿಯಿಂದ ಎನ್‌ವಿಡಿಯಾದ ಜಿಟಿಎಕ್ಸ್ 10 ಸರಣಿ ಮತ್ತು ನಂತರದ ಕಾರ್ಡುಗಳೂ ಇಂತಹ ಅಡಾಪ್ಟಿವ್-ಸಿಂಕ್ ಮಾನಿಟರುಗಳೊಂದಿಗೆ ಕೆಲಸ ಮಾಡುತ್ತವೆ. ಚಿತ್ರ ಸಿದ್ಧವಾದ ಗಳಿಗೆಗೇ ಪರದೆ ಹೊಸದಾಗುವುದರಿಂದ ಸೀಳೂ ಇಲ್ಲ, ಕಾಯುವಿಕೆಯೂ ಇಲ್ಲ. ಭಾಗವತರು ಕುಣಿಯುವವರ ಕಾಲನ್ನು ನೋಡಿ ಲಯವನ್ನು ಹಿಡಿದು ಬಿಡುವ ಹಾಗೆ, ಇಲ್ಲಿ ಪರದೆ ಕಾರ್ಡಿನ ವೇಗವನ್ನು ನೋಡಿ ನಡೆಯುತ್ತದೆ.

ನಿಮ್ಮ ಮಾನಿಟರಿನ ಮೆನುವಿನಲ್ಲಿ ಅಡಾಪ್ಟಿವ್-ಸಿಂಕ್ ಅಥವಾ ಫ್ರೀಸಿಂಕ್ ಎಂಬುದನ್ನು ಆನ್ ಮಾಡಿ, ಆಮೇಲೆ ಕಾರ್ಡಿನ ಡ್ರೈವರ್ ಸೆಟ್ಟಿಂಗಿನಲ್ಲಿಯೂ ಅದನ್ನು ಆನ್ ಮಾಡಿ. ಈ ಹೊಂದಾಣಿಕೆ ಒಂದು ಮಿತಿಯೊಳಗೆ ಮಾತ್ರ ನಡೆಯುತ್ತದೆ. 144 ಹರ್ಟ್ಜ್ ಮಾನಿಟರುಗಳಲ್ಲಿ ಅದು ಅನೇಕ ಬಾರಿ 48ರಿಂದ 144ರ ವರೆಗೆ ಇರುತ್ತದೆ. ಗೇಮ್ 144ನ್ನು ದಾಟಿದರೆ ಮತ್ತೆ ಸೀಳು ಅಥವಾ ಕಾಯುವಿಕೆ ಬರುವುದರಿಂದ ಫ್ರೇಮ್ ಮಿತಿಯನ್ನು 141ರ ಆಸುಪಾಸಿಗೆ ಕಟ್ಟಿಡಿ. ಕೆಳಗಡೆ 48ಕ್ಕಿಂತ ಇಳಿದರೆ ಮಾನಿಟರ್ ಒಂದೇ ಚಿತ್ರವನ್ನು ಎರಡು ಬಾರಿ ತೋರಿಸಿ ಸರಿದೂಗಿಸುತ್ತದೆ. ಮೇಲಿನ ಮಿತಿ ಕೆಳಗಿನದರ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಮಾತ್ರ ಇದು ಸಾಧ್ಯ. 48ರಿಂದ 75ರ ವರೆಗಷ್ಟೇ ಹೊಂದಿಕೊಳ್ಳುವ ಅಗ್ಗದ ಮಾನಿಟರಿಗೆ ಆ ಅನುಕೂಲವಿಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು.

ಕೊನೆಯದಾಗಿ, ಮಾನಿಟರಿನ ಓವರ್‌ಡ್ರೈವ್ ಅಥವಾ ರೆಸ್ಪಾನ್ಸ್ ಟೈಮ್ ಎಂಬ ಸೆಟ್ಟಿಂಗನ್ನು ತುತ್ತತುದಿಗೆ ಇಡಬೇಡಿ. 144 ಹರ್ಟ್ಜ್‌ನಲ್ಲಿ ಒಂದು ಸರದಿಗೆ 6.94 ಮಿಲಿಸೆಕೆಂಡ್ ಮಾತ್ರ ಸಿಗುವುದರಿಂದ ಪಿಕ್ಸೆಲ್ಲುಗಳು ಬೇಗ ಬಣ್ಣ ಬದಲಿಸಬೇಕು, ನಿಜ. ಆದರೆ ಅತಿಯಾಗಿ ನೂಕಿದರೆ ಅವು ಗುರಿಯನ್ನು ದಾಟಿ ಹೋಗಿ ಚಲಿಸುವ ವಸ್ತುವಿನ ಹಿಂದೆ ಬೆಳ್ಳಗಿನ ನೆರಳೊಂದು ಹಿಂಬಾಲಿಸುತ್ತದೆ. ನಡುವಿನ ಹಂತವೇ ಹೆಚ್ಚಿನ ಮಾನಿಟರುಗಳಿಗೆ ಒಪ್ಪುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿ ಸಿನಿಮಾ ನೋಡುತ್ತೇನೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳು ನಡುಗುತ್ತವೆ ಎಂದು ಟಿವಿಯ ದರವನ್ನು 24 ಹರ್ಟ್ಜ್‌ಗೆ ಇಳಿಸಿದೆ. ನಡುಕ ಹೋಯಿತು. ಆದರೆ ಮುಕ್ಕಾಲು ನಿಮಿಷಕ್ಕೊಮ್ಮೆ ಒಂದು ಚಿಕ್ಕ ಜರ್ಕ್ ಬರುತ್ತದೆ. ಲ್ಯಾಪ್‌ಟಾಪ್ ಹಳೆಯದಾಯಿತೇ?
ಗ್ರಂಥಪಾಲಕಿ, ಮಣಿಪಾಲ

ಉತ್ತರ: ನಿಮ್ಮ ಗಮನಿಸುವಿಕೆ ಎಷ್ಟು ನಿಖರವಾಗಿದೆಯೆಂದರೆ ಅದರಲ್ಲಿಯೇ ಉತ್ತರವಿದೆ. ಮಾತಿನ ಚಿತ್ರಗಳು ಬಂದ ಕಾಲದಿಂದ ಸಿನಿಮಾದ ವೇಗ ಸೆಕೆಂಡಿಗೆ 24 ಚಿತ್ರ. ಅದನ್ನು 60 ಹರ್ಟ್ಜ್‌ನಲ್ಲಿ ತೋರಿಸುವಾಗ ಒಂದು ಚಿತ್ರ ಮೂರು ಸರದಿ, ಮುಂದಿನದು ಎರಡು ಸರದಿ, ಅಂದರೆ ಒಮ್ಮೆ 50 ಮಿಲಿಸೆಕೆಂಡ್, ಒಮ್ಮೆ 33 ಮಿಲಿಸೆಕೆಂಡ್ ನಿಲ್ಲುತ್ತದೆ. ನೀವು ಮೊದಲು ಕಂಡ ನಡುಕ ಅದು. ಆದರೆ ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿ ಪದ್ಧತಿಯನ್ನು ಒಪ್ಪಿಕೊಂಡಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದನ್ನೊಂದು ಕೆಡಿಸಬಾರದೆಂದು ಅಲ್ಲಿನ 30 ಫ್ರೇಮಿನ ವೇಗವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ತಗ್ಗಿಸಿ 29.97 ಮಾಡಿದರು. ಅದಕ್ಕೆ ತಾಳೆಯಾಗುವಂತೆ ಸಿನಿಮಾದ 24 ಕೂಡ ವಿಡಿಯೊ ರೂಪದಲ್ಲಿ 23.976 ಆಯಿತು. ಆ ಲೆಕ್ಕ ಇಂದಿನ ಡಿಸ್ಕ್ ಮತ್ತು ಫೈಲುಗಳಲ್ಲಿಯೂ ಮುಂದುವರಿದಿದೆ. ಟಿವಿ 24ರಲ್ಲಿದ್ದು ಫೈಲು 23.976ರಲ್ಲಿದ್ದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ಎರಡು ಬಾರಿ ತೋರಿಸಬೇಕಾಗುತ್ತದೆ. ನೀವು ಹೇಳಿದ ಮುಕ್ಕಾಲು ನಿಮಿಷದ ಜರ್ಕ್ ಇದೇ.

ವಿಂಡೋಸ್‌ನ ಪಟ್ಟಿಯಲ್ಲಿ 24ರ ಪಕ್ಕದಲ್ಲಿ 23 ಎಂದೋ 23.98 ಎಂದೋ ಇನ್ನೊಂದು ದರ ಕಾಣುತ್ತದೆ, ಅದನ್ನು ಆರಿಸಿಕೊಳ್ಳಿ. ಫೈಲಿನ ನಿಜವಾದ ವೇಗ ವಿಎಲ್‌ಸಿಯ ಟೂಲ್ಸ್ ಮೆನುವಿನ ಕೋಡೆಕ್ ಇನ್ಫರ್ಮೇಷನ್‌ನಲ್ಲಿ ಸಿಗುತ್ತದೆ. ಪ್ರತಿ ಸಿನಿಮಾಕ್ಕೂ ಕೈಯಿಂದ ಬದಲಿಸುವುದು ಬೇಸರವೆನಿಸಿದರೆ ಕೋಡಿ ಎಂಬ ಉಚಿತ ತಂತ್ರಾಂಶದಲ್ಲಿ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಎಂಬುದನ್ನು ಆನ್ ಸ್ಟಾರ್ಟ್-ಸ್ಟಾಪ್‌ಗೆ ಇಡಿ. ಫೈಲು ತೆರೆದಾಗ ಟಿವಿಯ ದರ ತಾನಾಗಿ ಬದಲಾಗಿ, ಮುಗಿದಾಗ ಹಿಂದಿರುಗುತ್ತದೆ. ಎಂಪಿವಿ ಪ್ಲೇಯರಿನ ಡಿಸ್‌ಪ್ಲೇ-ರೀಸ್ಯಾಂಪಲ್ ಎಂಬ ವಿಧಾನ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ: ಅದು ಪರದೆಯನ್ನು ಮುಟ್ಟದೆ, ಸಿನಿಮಾವನ್ನೇ ಸಾವಿರಕ್ಕೆ ಒಂದರಷ್ಟು ವೇಗಗೊಳಿಸಿ, ಧ್ವನಿಯನ್ನೂ ಅಷ್ಟೇ ಹೊಂದಿಸುತ್ತದೆ. ಈ ವ್ಯತ್ಯಾಸ ಸಂಗೀತ ಬಲ್ಲವರ ಕಿವಿಗೂ ಸಿಗದು. 24ರ ಸಿನಿಮಾವನ್ನು 25ಕ್ಕೆ ಓಡಿಸಿ ಮಾಡಿದ ಡಿವಿಡಿಗಳ ಮಾತು ಬೇರೆ. ಅಲ್ಲಿ ವೇಗ ಶೇಕಡಾ 4ರಷ್ಟು ಹೆಚ್ಚಿ, ಹಾಡಿನ ಶ್ರುತಿ ಹಾರ್ಮೋನಿಯಂನ ಒಂದು ಮನೆಗಿಂತ ತುಸು ಕಡಿಮೆ ಏರುವುದರಿಂದ ಪರಿಚಿತ ದನಿ ತೆಳುವಾಗಿ ಕೇಳಿಸುತ್ತದೆ.

ಬ್ರೌಸರಿನಲ್ಲಿ ನೋಡುವ ಸಿನಿಮಾಕ್ಕೆ ಈ ಅನುಕೂಲಗಳು ಸಿಗುವುದಿಲ್ಲ. ಅದಕ್ಕೆ 120 ಅಥವಾ 144 ಹರ್ಟ್ಜ್ ಪರದೆ ಒಳ್ಳೆಯದು, ಏಕೆಂದರೆ ಎರಡೂ 24ರಿಂದ ಸರಿಯಾಗಿ ಭಾಗವಾಗುತ್ತವೆ, 23.976ರ ಕಿರುವ್ಯತ್ಯಾಸದಿಂದ ಬರುವ ಜರ್ಕ್ ಕೂಡ 120ರಲ್ಲಿ ಒಂದು ಕಿರುಸರದಿಯಷ್ಟೇ, ಸುಮಾರು 8 ಮಿಲಿಸೆಕೆಂಡ್, ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಟಿವಿಯಲ್ಲಿರುವ ಮೋಷನ್ ಸ್ಮೂತಿಂಗ್ ಎಂಬ ಸೌಲಭ್ಯವನ್ನು ಮಾತ್ರ ನಾನು ಶಿಫಾರಸು ಮಾಡಲಾರೆ. ಅದು ಇಲ್ಲದ ಚಿತ್ರಗಳನ್ನು ಊಹಿಸಿ ನಡುವೆ ತುಂಬುತ್ತದೆ. ಛಾಯಾಗ್ರಾಹಕರು ಯೋಚಿಸಿ ತೆಗೆದ ದೃಶ್ಯ ಧಾರಾವಾಹಿಯಂತೆ ಕಾಣತೊಡಗುತ್ತದೆ.

ಪ್ರಶ್ನೆ: ನನ್ನದು 22 ಇಂಚಿನ, 1080 ಗೆರೆಗಳ ಹಳೆಯ 60 ಹರ್ಟ್ಜ್ ಮಾನಿಟರ್, ಡಿವಿಐ ಕೇಬಲ್ ಇದೆ. ತಂತ್ರಾಂಶದಿಂದಲೇ ಅದನ್ನು 75ಕ್ಕೆ ಏರಿಸಬಹುದು ಎಂದು ತಮ್ಮ ಹೇಳುತ್ತಾನೆ. ಏರಿಸಬಹುದೇ, ಸುಟ್ಟುಹೋಗುವ ಭಯವಿದೆಯೇ?
ಜೆರಾಕ್ಸ್ ಅಂಗಡಿಯ ಮಾಲೀಕರು, ಕುಂದಾಪುರ

ಉತ್ತರ: ಏರಿಸಲು ಪ್ರಯತ್ನಿಸಬಹುದು, ಆದರೆ 75ರ ಬದಲು 72ನ್ನು ಗುರಿಯಾಗಿಸಿಕೊಳ್ಳಿ ಎಂಬುದು ನನ್ನ ಸಲಹೆ. ಕಾರಣ ಸಿನಿಮಾ. 24ರ ಮೂರು ಪಟ್ಟು 72. ಪ್ರತಿ ಚಿತ್ರವೂ ಸಮನಾಗಿ ನಿಲ್ಲುತ್ತದೆ. 75ರಲ್ಲಿ ಏಳು ಚಿತ್ರ ಮೂರು ಸರದಿ ನಿಂತು ಎಂಟನೆಯದು ನಾಲ್ಕು ಸರದಿ ನಿಲ್ಲುವುದರಿಂದ ಸೆಕೆಂಡಿಗೆ ಮೂರು ಬಾರಿ ಮುಗ್ಗರಿಸುತ್ತದೆ. ಗೇಮಿನಲ್ಲಿ 72ಕ್ಕೂ 75ಕ್ಕೂ ಇರುವ ಅಂತರ ಅರ್ಧ ಮಿಲಿಸೆಕೆಂಡಿನ ಸುತ್ತಮುತ್ತ.

ಇನ್ನೊಂದು ಕಾರಣ ಕೇಬಲ್. ಸಿಂಗಲ್ ಲಿಂಕ್ ಡಿವಿಐಗೆ 165 ಮೆಗಾಹರ್ಟ್ಜ್ ಪಿಕ್ಸೆಲ್ ಕ್ಲಾಕ್ (ಕೇಬಲ್ಲಿನಲ್ಲಿ ಪಿಕ್ಸೆಲ್ಲುಗಳು ಸಾಗುವ ವೇಗ) ಎಂಬ ಮಿತಿಯಿದೆ. ಟಿವಿ ಪ್ರಮಾಣದ 1080ರ 60 ಹರ್ಟ್ಜ್ ಚಿತ್ರ 148.5 ಮೆಗಾಹರ್ಟ್ಜ್ ಬಳಸುತ್ತದೆ, ಏಕೆಂದರೆ ಕಾಣುವ ಪಿಕ್ಸೆಲ್ಲುಗಳ ಸುತ್ತ ಹಳೆಯ ಟ್ಯೂಬ್ ಟಿವಿಯ ಕಾಲದಿಂದ ಉಳಿದುಬಂದ ಖಾಲಿ ಅಂಚೂ ಕೇಬಲ್ಲಿನಲ್ಲಿ ಸಾಗುತ್ತದೆ. ಸಿವಿಟಿ ರೆಡ್ಯೂಸ್ಡ್ ಬ್ಲ್ಯಾಂಕಿಂಗ್ ಎಂಬ ವಿಧಾನದಲ್ಲಿ ಆ ಅಂಚನ್ನು ಕಿರಿದು ಮಾಡಿದರೆ 60 ಹರ್ಟ್ಜ್‌ಗೆ 138.5 ಸಾಕಾಗುತ್ತದೆ. 72ಕ್ಕೆ ಏರಿಸಿದರೆ ಇದು ಮಿತಿಯನ್ನು ತುಸು ದಾಟುತ್ತದೆ. ಇದರ ಎರಡನೆಯ ಆವೃತ್ತಿಯಲ್ಲಿ ಅಂಚು ಇನ್ನೂ ಕಿರಿದಾಗಿ ಸುಮಾರು 161 ಮೆಗಾಹರ್ಟ್ಜ್‌ಗೆ ಇಳಿದು 165ರ ಒಳಗೆ ಬರುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್ಲಿನ ಕಸ್ಟಮ್ ರೆಸಲ್ಯೂಷನ್ ಭಾಗದಲ್ಲಿ, ಎಎಂಡಿ ತಂತ್ರಾಂಶದ ಅದೇ ಹೆಸರಿನ ಜಾಗದಲ್ಲಿ, ಇಲ್ಲವೇ ಕಸ್ಟಮ್ ರೆಸಲ್ಯೂಷನ್ ಯುಟಿಲಿಟಿ ಎಂಬ ಉಚಿತ ಉಪಕರಣದಲ್ಲಿ ಈ ಅಂಕಿಗಳನ್ನು ಕೊಡಬಹುದು. ಒಮ್ಮೆಗೇ ಜಿಗಿಯದೆ ಎರಡೆರಡು ಹರ್ಟ್ಜ್ ಏರಿಸುತ್ತಾ ಹೋಗಿ. ಪರದೆ ಕಪ್ಪಾದರೆ ಅಥವಾ ಔಟ್ ಆಫ್ ರೇಂಜ್ ಎಂದು ಬರೆದು ತೋರಿಸಿದರೆ ಗಾಬರಿಯಾಗಬೇಡಿ, ಯಾವ ಗುಂಡಿಯನ್ನೂ ಒತ್ತಬೇಡಿ. ಒಪ್ಪಿಗೆ ಸಿಗದಿದ್ದರೆ ವಿಂಡೋಸ್ 15 ಸೆಕೆಂಡಿನಲ್ಲಿ ಹಳೆಯ ದರಕ್ಕೆ ಮರಳುತ್ತದೆ. ಹಳೆಯ ಟ್ಯೂಬ್ ಮಾನಿಟರುಗಳಿಗೆ ಮಿತಿಮೀರಿದ ದರದಿಂದ ಹಾನಿಯಾಗುವ ಸಾಧ್ಯತೆಯಿತ್ತು. ಎಲ್‌ಸಿಡಿ ಮಾನಿಟರುಗಳು ಒಲ್ಲದ ಸಂಕೇತವನ್ನು ಸಾಮಾನ್ಯವಾಗಿ ತಿರಸ್ಕರಿಸಿ ಸುಮ್ಮನಾಗುತ್ತವೆ. ಆದರೂ ವಾರಂಟಿ ಉಳಿದಿರುವ ಮಾನಿಟರಿನಲ್ಲಿ ಇದನ್ನು ಮಾಡಬಾರದು.

72 ಎಂದು ಬರೆದು ತೋರಿಸಿದ ಮಾತ್ರಕ್ಕೆ ನಂಬಬೇಡಿ. ಕೆಲವು ಮಾನಿಟರುಗಳು 72 ಚಿತ್ರಗಳನ್ನು ಸ್ವೀಕರಿಸಿ ಕೆಲವನ್ನು ನುಂಗಿಬಿಡುತ್ತವೆ. ಆಗ ಮೊದಲಿಗಿಂತ ಹೆಚ್ಚು ತಡವರಿಕೆ ಕಾಣುತ್ತದೆ. ಟೆಸ್ಟ್‌ಯುಎಫ್‌ಒ ಎಂಬ ಜಾಲತಾಣದ ಫ್ರೇಮ್ ಸ್ಕಿಪ್ಪಿಂಗ್ ಪರೀಕ್ಷೆಯಲ್ಲಿ ಚೌಕಗಳು ಒಂದಾದ ಮೇಲೆ ಒಂದು ಬೆಳಗುತ್ತವೆ. ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರನ್ನು ಸೆಕೆಂಡಿನ ಐದನೆಯ ಒಂದು ಭಾಗಕ್ಕೆ ಇಟ್ಟು ಅದರ ಫೋಟೊ ತೆಗೆಯಿರಿ. ಬೆಳಗಿದ ಚೌಕಗಳು ಸಾಲಾಗಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಮಾನಿಟರ್ ಪ್ರಾಮಾಣಿಕವಾಗಿ ನಡೆಯುತ್ತಿದೆ; ನಡುವೆ ಕಪ್ಪು ಚೌಕ ಬಿಟ್ಟುಹೋಗಿದ್ದರೆ ಎರಡು ಹರ್ಟ್ಜ್ ಇಳಿಸಿ ಮತ್ತೆ ನೋಡಿ.

ಪ್ರಶ್ನೆ: ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಜ್. ಹಾಗಿರುವಾಗ ಮಾನಿಟರನ್ನು 60ರಲ್ಲಿಟ್ಟರೆ ಹೊಂದಾಣಿಕೆ ತಪ್ಪುವುದಿಲ್ಲವೇ? ರಾತ್ರಿ ಕಂಬಳದಲ್ಲಿ ನಾನು ಮೊಬೈಲಿನಲ್ಲಿ ತೆಗೆದ ವಿಡಿಯೊಗಳಲ್ಲಿ ಕಪ್ಪು ಪಟ್ಟಿಗಳು ತೇಲುತ್ತವೆ. ಅದಕ್ಕೂ ಇದೇ ಕಾರಣವೇ?
ಕೃಷಿಕರು, ಕಾಪು

ಉತ್ತರ: ಮಾನಿಟರಿಗೂ ಕರೆಂಟಿನ 50 ಹರ್ಟ್ಜ್‌ಗೂ ಈಗ ಸಂಬಂಧವಿಲ್ಲ. ಮಾನಿಟರಿನ ಪವರ್ ಸಪ್ಲೈ ಬಂದ ಕರೆಂಟನ್ನು ಡಿಸಿ ಮಾಡಿಕೊಳ್ಳುತ್ತದೆ. ಪರದೆಯ ದರವನ್ನು ನಿಶ್ಚಯಿಸುವುದು ಗ್ರಾಫಿಕ್ಸ್ ಕಾರ್ಡ್. ಟಿವಿ ಆರಂಭವಾದ ಕಾಲದಲ್ಲಿ ಮಾತ್ರ ಆ ಸಂಬಂಧವಿತ್ತು. 50 ಹರ್ಟ್ಜ್ ಕರೆಂಟಿನ ದೇಶಗಳು 50 ಅರ್ಧಚಿತ್ರಗಳ ಪದ್ಧತಿಯನ್ನು ಆರಿಸಿಕೊಂಡವು, 1982ರಲ್ಲಿ ಬಣ್ಣಕ್ಕೆ ತಿರುಗಿದ ನಮ್ಮ ದೂರದರ್ಶನವೂ ಆ ಸಾಲಿನಲ್ಲಿಯೇ ನಡೆಯಿತು.

ಆದರೆ ನಿಮ್ಮ ಎರಡನೆಯ ಊಹೆ ಸರಿಯಾಗಿದೆ. ಕರೆಂಟಿನಿಂದ ನೇರವಾಗಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಮೊಬೈಲಿನ ಶಟರ್ 1/60 ಸೆಕೆಂಡ್ ತೆರೆದಿದ್ದರೆ ದೀಪದ ಒಂದೂ ಮುಕ್ಕಾಲಿಗಿಂತ ಕಡಿಮೆ ಏರಿಳಿತ ಅದರೊಳಗೆ ಬೀಳುತ್ತದೆ. ಹೀಗೆ ಅಪೂರ್ಣವಾಗಿ ಬಿದ್ದ ಬೆಳಕು ಚಿತ್ರದ ಒಂದೊಂದು ಭಾಗದಲ್ಲಿ ಒಂದೊಂದು ಪ್ರಮಾಣದಲ್ಲಿರುವುದರಿಂದ ಪಟ್ಟಿಗಳು ತೇಲುತ್ತವೆ. ಶಟರ್ 1/50 ಇದ್ದರೆ ಸರಿಯಾಗಿ ಎರಡು ಏರಿಳಿತ, 1/100 ಇದ್ದರೆ ಸರಿಯಾಗಿ ಒಂದು ಒಳಗಾಗಿ ಪಟ್ಟಿಗಳು ಮಾಯವಾಗುತ್ತವೆ. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ರೆಕಾರ್ಡ್ ವಿಡಿಯೊ ಎಂಬಲ್ಲಿ ಶೋ ಪಾಲ್ ಫಾರ್ಮ್ಯಾಟ್ಸ್ ಆನ್ ಮಾಡಿದರೆ 25 ಫ್ರೇಮಿನ ಆಯ್ಕೆ ಸಿಗುತ್ತದೆ. ಬೇರೆ ಮೊಬೈಲುಗಳಲ್ಲಿ ಪ್ರೊ ವಿಡಿಯೊ ಮೋಡ್‌ನಲ್ಲಿ ಶಟರನ್ನು ಕೈಯಿಂದ ಇಡಬಹುದು.

ಆದರೆ 25 ಅಥವಾ 50ರಲ್ಲಿ ತೆಗೆದದ್ದು 60 ಹರ್ಟ್ಜ್ ಮೊಬೈಲಿನಲ್ಲಿ ನೋಡುವವರಿಗೆ ಮೇಲೆ ಕಾರ್ಕಳದವರು ಹೇಳಿದ ತಡವರಿಕೆಯನ್ನೇ ತರುತ್ತದೆ, ಅದರಲ್ಲಿಯೂ ಓಡುವ ಕೋಣಗಳ ಜೊತೆಗೆ ಕ್ಯಾಮೆರಾ ತಿರುಗುವಾಗ ಹೆಚ್ಚು. ನಿಮ್ಮ ವಿಡಿಯೊವನ್ನು ಬಂಧುಮಿತ್ರರು ಮೊಬೈಲಿನಲ್ಲಿಯೇ ನೋಡುವುದಾದರೆ ಫ್ರೇಮ್ ರೇಟನ್ನು 60ಕ್ಕೆ, ಶಟರನ್ನು 1/100ಕ್ಕೆ ಇಟ್ಟು ತೆಗೆಯಿರಿ. ಪಟ್ಟಿಯೂ ಬರದು, ತಾಳವೂ ತಪ್ಪದು. ಕೋಣಗಳು ಓಡುವ ಕರೆಯ ದೂರದ ತುದಿಯಲ್ಲಿ ಬೆಳಕು ಸಾಲದೆ ಚಿತ್ರ ಕಪ್ಪಾದರೆ 30 ಫ್ರೇಮಿಗೆ ಇಳಿದು ಶಟರನ್ನು 1/50 ಮಾಡಿಕೊಳ್ಳಿ.